ವಿಮಾನದ ದೂರ ಎಷ್ಟು? ಯಾವ ಅಳತೆಯಲ್ಲಿ, ಯಾವ ದಾರಿಯಲ್ಲಿ?

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರ? ಹುಡುಕಿದರೆ ಒಂದು ಕಡೆ 1,703 ಎಂದು ಸಿಗುತ್ತದೆ, ಇನ್ನೊಂದು ಕಡೆ 1,058, ಮತ್ತೊಂದು ಕಡೆ 919. ಮೂರೂ ಸರಿ. ಮೊದಲನೆಯದು ಕಿಲೋಮೀಟರ್ ಲೆಕ್ಕ, ಎರಡನೆಯದು ಮೈಲಿ, ಮೂರನೆಯದು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ. ಇನ್ನೂ ಸ್ವಲ್ಪ ಹುಡುಕಿದರೆ 1,710 ಕಿ.ಮೀ. ಎಂಬ ಉತ್ತರವೂ ಎದುರಾಗುತ್ತದೆ; ಅದನ್ನೂ ತಪ್ಪೆಂದು ತಳ್ಳಿಹಾಕುವಂತಿಲ್ಲ. ವಿಮಾನ ಇಳಿದ ಮೇಲೆ ಅದು ಹಾರಿಬಂದ ದಾರಿಯನ್ನೇ ಅಳೆದರೆ ಸಿಗುವ ಅಂಕಿ ಇವೆಲ್ಲಕ್ಕಿಂತ ದೊಡ್ಡದಾಗಿರುತ್ತದೆ.

ಹೀಗಾಗಿ ವಿಮಾನ ದೂರದ ಯಾವುದೇ ಅಂಕಿ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಲೇಬೇಕು. ಇದು ಯಾವ ಅಳತೆಯಲ್ಲಿದೆ? ಮತ್ತು ಇದು ಯಾವ ಗೆರೆಯ ಉದ್ದ? ಮೊದಲ ಪ್ರಶ್ನೆಯನ್ನು ಹೆಚ್ಚಿನವರು ಕೇಳುತ್ತಾರೆ, ಎರಡನೆಯದನ್ನು ಕೇಳುವವರು ಕಡಿಮೆ. ನಷ್ಟ ಪರಿಹಾರದ ಅರ್ಜಿ, ಟಿಕೆಟ್ ದರದ ಮಿತಿ, ಮೈಲೇಜ್ ಅಂಕಗಳು, ಇಂಗಾಲದ ಲೆಕ್ಕ ಇವೆಲ್ಲ ನಿಂತಿರುವುದು ಈ ಅಂಕಿಯ ಮೇಲೆ. ಪ್ರಯಾಣಿಕರಿಗೆ ಇದು ಗೊತ್ತಿದ್ದರೆ ದುಡ್ಡಿನ ಲೆಕ್ಕದಲ್ಲೂ ಉಪಯೋಗವಿದೆ.

ಮೂರು ಅಳತೆಗಳು

ಕಿಲೋಮೀಟರ್ ನಾವು ದಿನವೂ ಬಳಸುವ ಅಳತೆ. ಅದು ಭೂಮಿಯನ್ನು ಅಳೆದೇ ಹುಟ್ಟಿದ್ದು ಎಂಬುದು ಮಾತ್ರ ಎಷ್ಟೋ ಜನರಿಗೆ ಮರೆತುಹೋಗಿದೆ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅಲ್ಲಿನ ವಿಜ್ಞಾನಿಗಳು ಉತ್ತರ ಧ್ರುವದಿಂದ ಪ್ಯಾರಿಸ್ ಮೂಲಕ ಸಮಭಾಜಕ ವೃತ್ತಕ್ಕೆ ಇಳಿಯುವ ದೂರವನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಒಂದು ಮೀಟರ್ ಎಂದು ತೀರ್ಮಾನಿಸಿದರು. ಡೆಲಾಂಬ್ರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳಜ್ಞರು 1792ರಲ್ಲಿ ಶುರುಮಾಡಿ, ಡನ್ಕರ್ಕ್‌ನಿಂದ ಬಾರ್ಸಿಲೋನಾದವರೆಗೆ ವರ್ಷಗಟ್ಟಲೆ ಅಳೆದು ಆ ಲೆಕ್ಕ ಕೊಟ್ಟರು. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂಬ ದುಂಡು ಸಂಖ್ಯೆಯಾಗಿರುವುದು ಇದೇ ಕಾರಣಕ್ಕೆ.

ನಾಟಿಕಲ್ ಮೈಲಿಯ ಬೇರೂ ಅಲ್ಲೇ ಇದೆ, ಆದರೆ ಪಾಲು ಮಾಡಿದ ರೀತಿ ಬೇರೆ. ವೃತ್ತಕ್ಕೆ 360 ಡಿಗ್ರಿ, ಒಂದು ಡಿಗ್ರಿಗೆ 60 ನಿಮಿಷ; ಒಟ್ಟು 21,600 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಭೂಮಿಯ ಮೇಲೆ ಎಷ್ಟು ದೂರವೋ ಅದೇ ಒಂದು ನಾಟಿಕಲ್ ಮೈಲಿ. ನಲವತ್ತು ಸಾವಿರವನ್ನು 21,600ರಿಂದ ಭಾಗಿಸಿ ನೋಡಿ, 1.852 ಬರುತ್ತದೆ. ಹಡಗಿನವರು ಶತಮಾನಗಳಿಂದ ಬಳಸುತ್ತಿದ್ದ ಈ ಅಳತೆ ದೇಶದಿಂದ ದೇಶಕ್ಕೆ ಕೊಂಚ ಬೇರೆಯಾಗಿತ್ತು. 1929ರಲ್ಲಿ ಮೊನಾಕೊದಲ್ಲಿ ಸೇರಿದ ಅಂತರರಾಷ್ಟ್ರೀಯ ಜಲಮಾಪನ ಸಮ್ಮೇಳನ ಅದನ್ನು ಸರಿಯಾಗಿ 1,852 ಮೀಟರ್ ಎಂದು ಗೊತ್ತುಮಾಡಿತು. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗಕ್ಕೆ ಒಂದು ನಾಟ್.

ಇನ್ನು ಮೈಲಿ. ಅಮೆರಿಕ, ಬ್ರಿಟನ್‌ಗಳ ರಸ್ತೆಯ ಮೈಲಿಗೆ ಭೂಮಿಯ ಆಕಾರದೊಂದಿಗೆ ಯಾವ ನಂಟೂ ಇಲ್ಲ. ಅದು 5,280 ಅಡಿ, ಅಷ್ಟೇ. 1959ರ ಒಪ್ಪಂದದಿಂದ ಅದು 1.609344 ಕಿ.ಮೀ. ಎಂದು ನಿಗದಿಯಾಯಿತು. ನಮ್ಮಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾಯ್ದೆ ಬಂದು ಮೈಲಿಗಲ್ಲುಗಳು ಕ್ರಮೇಣ ಕಿಲೋಮೀಟರ್ ಕಲ್ಲುಗಳಾದವು. ಆದರೂ ವಿಮಾನ ಪ್ರಯಾಣದಲ್ಲಿ ಮೈಲಿ ಹಿಂಬಾಗಿಲಿನಿಂದ ಬಂದು ಕೂತಿದೆ. ಟಿಕೆಟ್ ದರ ಕಟ್ಟುವಾಗ ಟ್ರಾವೆಲ್ ಏಜೆಂಟರು ನೋಡುವ ಟಿಪಿಎಂ, ಎಂಪಿಎಂ ಎಂಬ ದೂರದ ಪಟ್ಟಿಗಳು ರಸ್ತೆಯ ಮೈಲಿಯಲ್ಲೇ ಇವೆ. ವಿಮಾನ ಸಂಸ್ಥೆಗಳ ಮೈಲೇಜ್ ಯೋಜನೆಗಳು ಹುಟ್ಟಿದ್ದೂ ಅದೇ ಮೈಲಿಯ ಮೇಲೆ. ಈಗ ಅನೇಕ ಸಂಸ್ಥೆಗಳು ದೂರ ಬಿಟ್ಟು, ನೀವು ಕೊಟ್ಟ ದರದ ಮೇಲೆ ಅಂಕ ಕೊಡುತ್ತವೆ. ಹಾಗಾಗಿ ನಿಮ್ಮ ಖಾತೆಯ ‘ಮೈಲ್ಸ್’ ನಿಜವಾದ ದೂರವೇ ಎಂದು ನಿಯಮಾವಳಿ ಓದಿ ಖಚಿತಮಾಡಿಕೊಳ್ಳುವುದು ಒಳ್ಳೆಯದು.

ಕಾಕ್‌ಪಿಟ್‌ನಲ್ಲಿ ಎಲ್ಲ ಅಳತೆಗಳೂ ಒಟ್ಟಿಗೇ ಬದುಕುತ್ತವೆ. ದೂರ ನಾಟಿಕಲ್ ಮೈಲಿಯಲ್ಲಿ, ವೇಗ ನಾಟ್‌ನಲ್ಲಿ, ಎತ್ತರ ಅಡಿಯಲ್ಲಿ. ನಮ್ಮಲ್ಲಿ ರನ್‌ವೇಯ ಉದ್ದ, ಮಂಜು ಕವಿದಾಗ ಎಷ್ಟು ದೂರ ಕಾಣುತ್ತದೆ ಎಂಬ ಲೆಕ್ಕ ಮಾತ್ರ ಮೀಟರ್‌ನಲ್ಲಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ಅಳತೆಗಳಿಗೆಂದೇ ಇಟ್ಟಿರುವ ಐದನೇ ಅನುಬಂಧದಲ್ಲಿ ಮೆಟ್ರಿಕ್ ಪದ್ಧತಿಯೇ ಮೂಲ. ನಾಟಿಕಲ್ ಮೈಲಿ, ನಾಟ್, ಅಡಿ ಈ ಮೂರಕ್ಕೆ ‘ಸದ್ಯಕ್ಕೆ ಬಳಸಬಹುದು’ ಎಂಬ ಅನುಮತಿಯಿದೆ, ಅದು ಮುಗಿಯುವ ದಿನಾಂಕವನ್ನು ಮಾತ್ರ ಗೊತ್ತುಮಾಡಿಲ್ಲ. ಚೀನಾದ ಆಕಾಶದಲ್ಲಿ ಎತ್ತರವನ್ನು ಮೀಟರ್‌ನಲ್ಲೇ ಹೇಳುತ್ತಾರೆ.

ಬಾಯಿಲೆಕ್ಕದಲ್ಲಿ ಬದಲಾಯಿಸಲು ಸುಲಭದ ದಾರಿಗಳಿವೆ. ಕಿಲೋಮೀಟರನ್ನು ನಾಟಿಕಲ್ ಮೈಲಿ ಮಾಡಲು ಅರ್ಧಮಾಡಿ, ಆ ಅರ್ಧಕ್ಕೆ ನೂರಕ್ಕೆ ಎಂಟರಂತೆ ಸೇರಿಸಿ: 1,000 ಕಿ.ಮೀ. ಅರ್ಧ 500, ಎಂಟು ಪರ್ಸೆಂಟ್ 40, ಒಟ್ಟು 540. ಕಿಲೋಮೀಟರನ್ನು ಮೈಲಿ ಮಾಡಲು ಎಂಟರಿಂದ ಭಾಗಿಸಿ ಐದರಿಂದ ಗುಣಿಸಿ. ನಾಟಿಕಲ್ ಮೈಲಿಯನ್ನು ರಸ್ತೆಯ ಮೈಲಿ ಮಾಡಲು ನೂರಕ್ಕೆ ಹದಿನೈದು ಸೇರಿಸಿದರೆ ಸಾಕು. ಅರ್ಜಿ, ದಾಖಲೆಗಳಿಗೆ ಮಾತ್ರ 1.852 ಮತ್ತು 1.609344 ಎಂಬ ಪೂರ್ಣ ಅಂಕಿಗಳನ್ನೇ ಬಳಸಿ.

ಶಾಲೆಯ ಅಟ್ಲಾಸ್ ಇದ್ದರೆ ಸಾಕು

ನಾಟಿಕಲ್ ಮೈಲಿಯ ಸೊಗಸು ಅರಿಯಬೇಕಾದರೆ ಬೆಂಗಳೂರು–ದೆಹಲಿ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಬೇಕು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 12 ನಿಮಿಷದಲ್ಲಿ. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 28 ಡಿಗ್ರಿ 34 ನಿಮಿಷದಲ್ಲಿ. ರೇಖಾಂಶದಲ್ಲಿ ಎರಡಕ್ಕೂ ಮುಕ್ಕಾಲು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ. ಅಂದರೆ ದೆಹಲಿ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಅಕ್ಷಾಂಶಗಳನ್ನು ಕಳೆಯಿರಿ: 15 ಡಿಗ್ರಿ 22 ನಿಮಿಷ. ಹದಿನೈದನ್ನು 60ರಿಂದ ಗುಣಿಸಿದರೆ 900, ಅದಕ್ಕೆ 22 ಸೇರಿಸಿದರೆ 922. ಇದೇ ಉತ್ತರ: 922 ನಾಟಿಕಲ್ ಮೈಲಿ. ಸೂತ್ರ ಬೇಡ, ಕ್ಯಾಲ್ಕುಲೇಟರ್ ಬೇಡ. ನಿಖರವಾದ 919ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೂರೇ ಮೂರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನಕಾಶೆಯ ಅಂಚಿನಲ್ಲಿರುವ ಅಕ್ಷಾಂಶದ ಗೆರೆಗಳ ಮೇಲೆ ಡಿವೈಡರ್ ಇಟ್ಟು ನಾವಿಕರು ದೂರ ಓದುತ್ತಿದ್ದದ್ದು ಹೀಗೆಯೇ. ವಿಮಾನಯಾನ ಈ ಅಳತೆಯನ್ನು ಬಿಡದಿರುವುದು ಬರೀ ಹಳೆಯ ಚಾಳಿಯಿಂದಲ್ಲ ಎಂದು ಈ ಲೆಕ್ಕ ಮಾಡಿದವರು ಒಪ್ಪುತ್ತಾರೆ.

ಪೂರ್ವ–ಪಶ್ಚಿಮಕ್ಕೆ ಹೋಗುವಾಗ ಒಂದು ತಿದ್ದುಪಡಿ ಬೇಕು. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಆದ್ದರಿಂದ ರೇಖಾಂಶದ ವ್ಯತ್ಯಾಸವನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಬೆಂಗಳೂರಿನ 13 ಡಿಗ್ರಿಯಲ್ಲಿ ಆ ಕೊಸೈನ್ 0.974, ಅಂದರೆ ವ್ಯತ್ಯಾಸ ಅಲ್ಪ. ಲಂಡನ್ನಿನಲ್ಲಿ ಅದು 0.62ಕ್ಕೆ ಇಳಿಯುತ್ತದೆ. ಚೆನ್ನೈ ನಿಲ್ದಾಣಕ್ಕೂ ನಮಗೂ ರೇಖಾಂಶದಲ್ಲಿ ಸುಮಾರು 148 ನಿಮಿಷದ ಅಂತರ; 0.974ರಿಂದ ಗುಣಿಸಿದರೆ 144 ನಾಟಿಕಲ್ ಮೈಲಿ, ಅಂದರೆ ಹತ್ತಿರಹತ್ತಿರ 267 ಕಿ.ಮೀ.

ಕರ್ನಾಟಕದ ಒಳಗಿನ ದೂರಕ್ಕೆ ಇದಕ್ಕಿಂತ ಸರಳ ದಾರಿಯಿದೆ, ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯವೇ ಸಾಕಾಗುತ್ತದೆ. ನಮ್ಮ ರಾಜ್ಯದಲ್ಲಿ ಅಕ್ಷಾಂಶದ ಒಂದು ಡಿಗ್ರಿ ಎಂದರೆ 110.6 ಕಿ.ಮೀ.; ರೇಖಾಂಶದ ಒಂದು ಡಿಗ್ರಿ ದಕ್ಷಿಣದಲ್ಲಿ, ನಡುನಾಡಿನಲ್ಲಿ ಸುಮಾರು 108, ಬೀದರ್ ಕಡೆ 106. ಹುಬ್ಬಳ್ಳಿ ನಿಲ್ದಾಣ ಬೆಂಗಳೂರಿಗಿಂತ 2.16 ಡಿಗ್ರಿ ಉತ್ತರಕ್ಕೂ 2.62 ಡಿಗ್ರಿ ಪಶ್ಚಿಮಕ್ಕೂ ಇದೆ. ಉತ್ತರಕ್ಕೆ 239 ಕಿ.ಮೀ., ಪಶ್ಚಿಮಕ್ಕೆ 283 ಕಿ.ಮೀ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 370 ಕಿ.ಮೀ. ಹೀಗೆ ಲೆಕ್ಕ ಹಾಕಿದರೆ ಮಂಗಳೂರು 306 ಕಿ.ಮೀ. ಶಿರಾಡಿ ಘಾಟಿಯ ರಸ್ತೆಯಲ್ಲಿ ಹೋಗುವವರಿಗೆ ಅದೇ ಊರು 350 ಕಿ.ಮೀ. ದೂರ. ಎಂಟನೇ ತರಗತಿ ದಾಟಿದ ಮಕ್ಕಳಿಗೆ ರಜೆಯಲ್ಲಿ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ನನಗಂತೂ ತೋಚದು. ನಿಲ್ದಾಣಗಳ ಅಕ್ಷಾಂಶ ರೇಖಾಂಶ ಎಲ್ಲ ಕಡೆ ಸಿಗುತ್ತವೆ, ಉತ್ತರ ಸರಿಯೇ ಎಂದು ತಾಳೆ ನೋಡುವುದೂ ಸುಲಭ.

ಈಗ 1,703 ಮತ್ತು 1,710ರ ಜಗಳ ಬಗೆಹರಿಸೋಣ. ಭೂಮಿ ಪೂರ್ಣ ಗೋಳವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಬಹುಪಾಲು ಸರಳ ಸೂತ್ರಗಳು 6,371 ಕಿ.ಮೀ. ತ್ರಿಜ್ಯದ ಗುಂಡಗಿನ ಗೋಳವೆಂದೇ ಭಾವಿಸಿ ಲೆಕ್ಕ ಹಾಕುತ್ತವೆ. ಆ ಲೆಕ್ಕದಲ್ಲಿ ದೆಹಲಿ 1,710 ಕಿ.ಮೀ. ಜಿಪಿಎಸ್ ಬಳಸುವ ಚಪ್ಪಟೆ ಗೋಳದ ಮಾದರಿಯಲ್ಲಿ ಲೆಕ್ಕ ಹಾಕಿದರೆ 1,703. ಗೋಳದ ಸೂತ್ರದ ತಪ್ಪು ಸಾಮಾನ್ಯವಾಗಿ ನೂರಕ್ಕೆ ಅರ್ಧದ ಆಸುಪಾಸನ್ನು ಮೀರುವುದಿಲ್ಲ. ಸಾಮಾನ್ಯ ಕೆಲಸಕ್ಕೆ ಅದು ಧಾರಾಳ ಸಾಕು. ಆದರೆ ದೂರ ಯಾವುದಾದರೂ ನಿಯಮದ ಗಡಿಗೆ ತಾಗಿಕೊಂಡಿದ್ದರೆ ಚಪ್ಪಟೆ ಗೋಳದ ಲೆಕ್ಕವನ್ನೇ ಹಿಡಿಯಬೇಕು. ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭೂಮಾಪನ ತಜ್ಞ ವಿನ್ಸೆಂಟಿ 1975ರಲ್ಲಿ ಪ್ರಕಟಿಸಿದ ಸೂತ್ರ ಅದಕ್ಕೆ ಹೆಸರಾದದ್ದು.

ಸ್ಯಾನ್ ಫ್ರಾನ್ಸಿಸ್ಕೋಗೆ ಉತ್ತರದ ಕಡೆಯಿಂದ

ಗೋಡೆಯ ಮೇಲಿನ ಪ್ರಪಂಚ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಅಮೆರಿಕವನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತದೆ. ಆ ಗೆರೆಯನ್ನು ಮರೆತುಬಿಡಿ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಂಡು ಒಂದು ತುದಿಯನ್ನು ಬೆಂಗಳೂರಿನ ಮೇಲೆ ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಕ್ಯಾಲಿಫೋರ್ನಿಯಾಗೆ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಸರಿದು ಚೀನಾ, ಸೈಬೀರಿಯಾ, ಅಲಾಸ್ಕಾಗಳ ಮೇಲೆ ನಿಲ್ಲುತ್ತದೆ. ಗೋಳದ ಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿ ಅದು. ಭೂಗೋಳದ ಪುಸ್ತಕದಲ್ಲಿ ಮಹಾವೃತ್ತ ಎಂದು ಓದಿದ್ದು ಇದನ್ನೇ. ವಿಮಾನ ನಿಲ್ದಾಣಗಳ ನಡುವಿನ ದೂರ ಎಂದು ಬರೆದಾಗ ಸಾಮಾನ್ಯವಾಗಿ ಅದು ಈ ಮಹಾವೃತ್ತದ ತುಂಡಿನ ಉದ್ದ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋಗೆ ಅದು ಸುಮಾರು 13,990 ಕಿ.ಮೀ., 8,695 ಮೈಲಿ, 7,555 ನಾಟಿಕಲ್ ಮೈಲಿ.

ಸಾವಿರಾರು ಕನ್ನಡಿಗ ಕುಟುಂಬಗಳಿಗೆ ಬೇಕಾದ ಈ ದಾರಿಯಲ್ಲಿ ನೇರ ವಿಮಾನ ಶುರುವಾದದ್ದು 2021ರ ಜನವರಿಯಲ್ಲಿ. ಮೊದಲ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಹಾರಿಸಿ, ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸಿತು. ಧ್ರುವದ ಮೇಲಿನ ದಾರಿಯೇ ಅತಿ ಹತ್ತಿರದ್ದು ಎಂದು ಯಾರಿಗಾದರೂ ಅನಿಸಬಹುದು. ಲೆಕ್ಕ ಬೇರೆ ಹೇಳುತ್ತದೆ, ಅದನ್ನು ನೀವೇ ಮಾಡಬಹುದು. ಧ್ರುವ 90 ಡಿಗ್ರಿಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿಯಲ್ಲಿ, ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಬೆಂಗಳೂರು 13.2ರಲ್ಲಿ, ಧ್ರುವದಿಂದ ಇಲ್ಲಿಗೆ 76.8 ಡಿಗ್ರಿ. ಒಟ್ಟು 129.2 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ.ಯಂತೆ ಸುಮಾರು 14,365 ಕಿ.ಮೀ. ಮಹಾವೃತ್ತಕ್ಕಿಂತ 375 ಕಿ.ಮೀ.ಯಷ್ಟು ಹೆಚ್ಚು! ನಮ್ಮ ದಾರ 71 ಡಿಗ್ರಿ ಅಕ್ಷಾಂಶದವರೆಗೆ ಮಾತ್ರ ಏರಿ ಇಳಿಯುತ್ತದೆ, ಧ್ರುವವನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಹೆಚ್ಚು ದೂರದ ದಾರಿ ಹಿಡಿಯುವುದೇಕೆ? ವಿಮಾನಕ್ಕೆ ಮುಖ್ಯವಾದದ್ದು ನೆಲದ ಮೇಲಿನ ದೂರವಲ್ಲ, ಸಮಯ ಮತ್ತು ಇಂಧನ. ಮಧ್ಯ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿಗೆ ಎದುರಾಗಿ ಪೆಸಿಫಿಕ್ ದಾಟುವುದಕ್ಕಿಂತ, ಗಾಳಿ ಕಡಿಮೆಯಿರುವ ಧ್ರುವದ ಕಡೆಯಿಂದ ಬಳಸಿ ಬರುವುದು ಅಗ್ಗವಾಗಬಹುದು. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಆಗುವುದು ಇದರಿಂದಲೇ.

ಹಾರಿದ ದಾರಿ

ಗಾಳಿ ಒಂದೇ ಅಲ್ಲ, ಮಹಾವೃತ್ತದಿಂದ ವಿಮಾನವನ್ನು ಆಚೀಚೆ ಸರಿಸುವ ಕಾರಣಗಳು ಬಹಳ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ ಹಾರಬೇಕು, ಆಮೇಲೆ ತಿರುಗಬೇಕು. ಗೊತ್ತುಮಾಡಿದ ವಾಯುಮಾರ್ಗ ಹಿಡಿಯಬೇಕು, ಸೇನೆಯ ಜಾಗ ಬಿಟ್ಟು ಹೋಗಬೇಕು, ಮುಂಗಾರಿನ ಗುಡುಗು ಮೋಡಗಳನ್ನು ಬಳಸಬೇಕು, ಇಳಿಯುವ ಮೊದಲು ಸರದಿಯಲ್ಲಿ ಸುತ್ತಬೇಕು. ಕೆಲವೊಮ್ಮೆ ರಾಜಕೀಯವೂ ದಾರಿ ಬದಲಿಸುತ್ತದೆ. 2019ರ ಫೆಬ್ರವರಿ ಕೊನೆಯಿಂದ ಜುಲೈ ಮಧ್ಯದವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯೂರೋಪ್, ಅಮೆರಿಕಗಳಿಗೆ ಹೋಗುವ ಭಾರತೀಯ ವಿಮಾನಗಳು ದಕ್ಷಿಣಕ್ಕೆ ಇಳಿದು ಬಳಸಬೇಕಾಯಿತು. ತಾಷ್ಕೆಂಟ್, ಅಲ್ಮಾಟಿಗಳಂಥ ಹತ್ತಿರದ ಊರುಗಳಿಗೆ ಸಣ್ಣ ವಿಮಾನಗಳು ಹೋಗುವುದೇ ನಿಂತಿತು. ನಕಾಶೆಯ ಮೇಲೆ ದೆಹಲಿ–ತಾಷ್ಕೆಂಟ್ ಅಂತರ ಒಂದು ಮೀಟರ್ ಕೂಡ ಬದಲಾಗಿರಲಿಲ್ಲ.

ಎತ್ತರದ ಪಾಲು ಎಷ್ಟು ಎಂದು ಕೇಳುವವರಿದ್ದಾರೆ. 35,000 ಅಡಿ ಎಂದರೆ 10.7 ಕಿ.ಮೀ. ಅಷ್ಟು ಮೇಲೆ ಹಾರುವಾಗ ವೃತ್ತ ಕೊಂಚ ದೊಡ್ಡದಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋವರೆಗಿನ ಇಡೀ ದಾರಿಗೆ ಇದರಿಂದ ಸೇರುವುದು ಇಪ್ಪತ್ತಮೂರು ಇಪ್ಪತ್ತನಾಲ್ಕು ಕಿ.ಮೀ. ಮಾತ್ರ.

ಪ್ರಯಾಣದ ಸಮಯದಿಂದ ದೂರ ಹಿಂದೆಣಿಸಲು ಹೋಗಬೇಡಿ. 450 ನಾಟ್ ವೇಗದಲ್ಲಿ ಬೆಂಗಳೂರಿನಿಂದ ದೆಹಲಿಯ 919 ನಾಟಿಕಲ್ ಮೈಲಿಗೆ ಎರಡು ಗಂಟೆ ಸಾಕು. ವೇಳಾಪಟ್ಟಿಯಲ್ಲಿ ಎರಡೂ ಮುಕ್ಕಾಲು ಗಂಟೆಯ ಆಸುಪಾಸು ಇರುತ್ತದೆ. ಗೇಟಿನಿಂದ ರನ್‌ವೇವರೆಗಿನ ಓಡಾಟ, ನಿಧಾನವಾಗಿ ಏರುವುದು, ಇಳಿಯುವುದು, ತಡವಾದರೆ ಇರಲಿ ಎಂದು ಸಂಸ್ಥೆಗಳು ಇಟ್ಟುಕೊಳ್ಳುವ ಹೆಚ್ಚುವರಿ ನಿಮಿಷಗಳು ಎಲ್ಲ ಅದರಲ್ಲಿ ಸೇರಿವೆ. ಮಂಗಳೂರಿನಂಥ ಹತ್ತಿರದ ಊರಿಗೆ ಈ ಹೆಚ್ಚುವರಿಯೇ ಹಾರಾಟದಷ್ಟು ಆಗಿಬಿಡುತ್ತದೆ. ನಿಜಕ್ಕೂ ಹಾರಿದ ದಾರಿ ನೋಡಬೇಕಿದ್ದರೆ ಫ್ಲೈಟ್‌ರಾಡಾರ್24ನಂಥ ಆ್ಯಪ್‌ಗಳಲ್ಲಿ ಆ ದಿನದ ಹಾರಾಟ ತೆರೆದು ನೋಡಿ. ಅಳತೆಯ ಘಟಕವನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಬದಲಾಯಿಸಿಕೊಳ್ಳಿ. ನಾಟ್‌ನಲ್ಲಿ ತೋರಿಸುವ ವೇಗವನ್ನು ಕಿಲೋಮೀಟರ್ ಎಂದು ಓದಿದರೆ ವಿಮಾನ ತೆವಳುತ್ತಿದೆ ಎನಿಸುತ್ತದೆ.

ಘಟಕ ತಪ್ಪಿದಾಗ

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಿಮಾನಯಾನದಲ್ಲಿ ದೊಡ್ಡ ಪಾಠ 1983ರ ಜುಲೈ 23ರದು. ಅದು ದೂರದ ಲೆಕ್ಕವಲ್ಲ, ಇಂಧನದ್ದು, ಆದರೂ ಹೇಳಲೇಬೇಕಾದದ್ದು. ಕೆನಡಾ ಆಗ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು. ಏರ್ ಕೆನಡಾದ ಹೊಸ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನ ತೋರಿಸುವ ಮಾಪಕ ಕೆಟ್ಟಿತ್ತು, ಹಾಗಾಗಿ ಕೋಲು ಇಳಿಸಿ ಟ್ಯಾಂಕ್ ಅಳೆದರು: 7,682 ಲೀಟರ್ ಇತ್ತು. ಬೇಕಿದ್ದದ್ದು 22,300 ಕಿಲೋಗ್ರಾಂ. ಲೀಟರನ್ನು ತೂಕಕ್ಕೆ ಬದಲಾಯಿಸಲು 1.77 ಎಂಬ ಅಂಕಿ ಬಳಸಿದರು. ಅದು ಲೀಟರಿಗೆ ಎಷ್ಟು ಪೌಂಡ್ ಎಂಬ ಅಂಕಿ. ಕಿಲೋಗ್ರಾಂಗೆ ಬೇಕಿದ್ದದ್ದು ಸುಮಾರು 0.8. ಹೀಗೆ 7,682 ಲೀಟರ್ 13,597 ‘ಕಿಲೋ’ ಆಯಿತು, ಇನ್ನು 4,917 ಲೀಟರ್ ಹಾಕಿದರೆ ಸಾಕು ಎಂಬ ತೀರ್ಮಾನವಾಯಿತು. ಹಾಕಬೇಕಿದ್ದದ್ದು ಇಪ್ಪತ್ತು ಸಾವಿರ ಲೀಟರಿಗೂ ಹೆಚ್ಚು. ಅರ್ಧ ದಾರಿಯಲ್ಲಿ, 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯಿತು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಹಾರಿಸಿ ಅನುಭವವಿದ್ದವರು. ಎಂಜಿನ್ ಇಲ್ಲದ ಆ ವಿಮಾನವನ್ನು ಗಿಮ್ಲಿ ಎಂಬಲ್ಲಿ ವಾಯುಪಡೆ ಬಿಟ್ಟುಹೋಗಿದ್ದ, ಕಾರ್ ರೇಸ್‌ಗೆ ಬಳಸುತ್ತಿದ್ದ ರನ್‌ವೇ ಮೇಲೆ ಇಳಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕಿ ಉಳಿದರು. ಅಂದು ಮಾಡಿದ ಗುಣಾಕಾರ, ಭಾಗಾಕಾರ ಒಂದೂ ತಪ್ಪಿರಲಿಲ್ಲ. ತಪ್ಪಿದ್ದು 1.77ರ ಪಕ್ಕದಲ್ಲಿ ಇರಬೇಕಿದ್ದ ಘಟಕದ ಹೆಸರು.

ದೂರ ನೋಡುವ ಬಗೆ

ಯಾರು ಬೇಕಾದರೂ ಬಳಸಬಹುದಾದ ಸಾಧನಗಳು ಇಂದು ಪುಕ್ಕಟೆಯಾಗಿವೆ. ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ನಿಲ್ದಾಣಗಳ ಕೋಡ್ ಕೊಟ್ಟರೆ ದೂರವೂ ನಕಾಶೆಯೂ ಬರುತ್ತವೆ. ಮೈಲಿ, ಕಿಲೋಮೀಟರ್, ನಾಟಿಕಲ್ ಮೈಲಿ ಯಾವುದು ಬೇಕೋ ಆರಿಸಿಕೊಳ್ಳಬಹುದು. ಗೂಗಲ್ ಅರ್ಥ್‌ನಲ್ಲಿ ಅಳತೆಪಟ್ಟಿಯ ಚಿಹ್ನೆ ಒತ್ತಿ ಎರಡು ಜಾಗ ಗುರುತಿಸಿದರೂ ಆಯಿತು.

ಊರಿನ ಹೆಸರು ಹಾಕಬೇಡಿ, ಕೋಡ್ ಹಾಕಿ. ಬೆಂಗಳೂರಿಗೆ ಬಿಎಲ್‌ಆರ್, ಮಂಗಳೂರಿಗೆ ಐಎಕ್ಸ್‌ಇ, ಮೈಸೂರಿಗೆ ಎಂವೈಕ್ಯು, ಹುಬ್ಬಳ್ಳಿಗೆ ಎಚ್‌ಬಿಎಕ್ಸ್, ಬೆಳಗಾವಿಗೆ ಐಎಕ್ಸ್‌ಜಿ, ಕಲಬುರಗಿಗೆ ಜಿಬಿಐ, ಶಿವಮೊಗ್ಗಕ್ಕೆ ಆರ್‌ಕ್ಯುವೈ. ಮೈಸೂರೆಂದು ಊಹಿಸಿ ಐಎಕ್ಸ್‌ಎಂ ಎಂದು ಹಾಕಿದರೆ ಮಧುರೈ ದೂರ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಎಸ್‌ಜೆಸಿ, ಕೋಸ್ಟರಿಕಾದ ಅದೇ ಹೆಸರಿನ ರಾಜಧಾನಿ ಎಸ್‌ಜೆಒ. ಸಿಡ್ನಿ ಕೆನಡಾದಲ್ಲೂ ಇದೆ. ಆಸ್ಟ್ರೇಲಿಯಾಗೆಂದು ಹೊರಟು ಅಲ್ಲಿಗೆ ಹೋಗಿ ಇಳಿದವರೂ ಇದ್ದಾರೆ. ಲಂಡನ್, ನ್ಯೂಯಾರ್ಕ್‌ಗಳಿಗೆ ಹಲವು ನಿಲ್ದಾಣಗಳಿವೆ.

ನಿಲ್ದಾಣ ಬದಲಾದರೆ ದೂರವೂ ಬದಲಾಗುತ್ತದೆ. 2008ರ ಮೇ 24ರಂದು ಬೆಂಗಳೂರಿನ ವಿಮಾನಗಳು ಹಳೆಯ ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಬಂದಾಗ ನಿಲ್ದಾಣ ಉತ್ತರಕ್ಕೆ 27 ಕಿ.ಮೀ. ಸರಿಯಿತು. ದೆಹಲಿ ಅಷ್ಟೇ ಹತ್ತಿರವಾಯಿತು, ನೇರ ಪೂರ್ವದ ಚೆನ್ನೈಗೆ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಹಳೆಯ ಪುಸ್ತಕದ ದೂರಕ್ಕೂ ಇಂದಿನದಕ್ಕೂ ತಾಳೆಯಾಗದಿದ್ದರೆ ಇದನ್ನು ನೆನಪಿಡಿ.

ಸ್ಪ್ರೆಡ್‌ಶೀಟಿನಲ್ಲಿ ನೀವೇ ಲೆಕ್ಕ ಹಾಕುವುದಾದರೆ ಸೂತ್ರ ಹೀಗೆ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಅವುಗಳ ಕೊಸೈನ್‌ಗಳನ್ನೂ ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡೂ ಉತ್ತರಗಳನ್ನು ಕೂಡಿ, ಬಂದದ್ದರ ವಿಲೋಮ ಕೊಸೈನ್ ತೆಗೆದು 6,371ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಎಡವುವ ಜಾಗಗಳು ಎರಡು. ಸ್ಪ್ರೆಡ್‌ಶೀಟ್‌ಗೆ ಕೋನಗಳು ಡಿಗ್ರಿಯಲ್ಲಿ ಅಲ್ಲ, ರೇಡಿಯನ್‌ನಲ್ಲಿ ಬೇಕು, ಮೊದಲು ಬದಲಾಯಿಸಿಕೊಳ್ಳಬೇಕು. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಮೈನಸ್ ಚಿಹ್ನೆ ಬೇಕು. ಸ್ಯಾನ್ ಫ್ರಾನ್ಸಿಸ್ಕೋದ 122.4 ಡಿಗ್ರಿಗೆ ಮೈನಸ್ ಹಾಕದಿದ್ದರೆ ವಿಮಾನ ಚೀನಾದ ಶಾಂಡಾಂಗ್ ಕರಾವಳಿಯ ಸಮುದ್ರದಲ್ಲಿ ಇಳಿಯುತ್ತದೆ, ಉತ್ತರ 13,990ರ ಬದಲು 5,175 ಬರುತ್ತದೆ. ದಶಮಾಂಶದ ಡಿಗ್ರಿಯನ್ನೂ ನಿಮಿಷವನ್ನೂ ಕಲಸಬೇಡಿ: 13 ಡಿಗ್ರಿ 12 ನಿಮಿಷ ಎಂದರೆ 13.2, 13.12 ಅಲ್ಲ.

ಎಲ್ಲಿ ದುಡ್ಡಾಗುತ್ತದೆ

ದೂರದ ಲೆಕ್ಕ ನೇರವಾಗಿ ಪ್ರಯಾಣಿಕರ ಕೈಗೆ ದುಡ್ಡು ತರುವುದು ಯೂರೋಪಿನಲ್ಲಿ. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ ಅಲ್ಲಿಂದ ಹೊರಡುವ ಯಾವುದೇ ಸಂಸ್ಥೆಯ ವಿಮಾನ ರದ್ದಾದರೆ, ಸೀಟು ನಿರಾಕರಿಸಿದರೆ, ಇಲ್ಲವೇ ತೀರಾ ತಡವಾದರೆ, ಷರತ್ತುಗಳಿಗೆ ಒಳಪಟ್ಟು ಪರಿಹಾರ ಸಿಗುತ್ತದೆ. 1,500 ಕಿ.ಮೀ.ವರೆಗೆ 250 ಯೂರೋ, ಅದರ ಮೇಲೆ 3,500 ಕಿ.ಮೀ.ವರೆಗೆ 400, ಇನ್ನೂ ದೂರವಾದರೆ 600. ಫ್ರಾಂಕ್‌ಫರ್ಟ್–ಬೆಂಗಳೂರು ಸುಮಾರು 7,400 ಕಿ.ಮೀ., ಹಾಗಾಗಿ ಮೂರನೇ ಗುಂಪು. ದೂರವನ್ನು ಮಹಾವೃತ್ತದ ಮೇಲೆ ಅಳೆಯಬೇಕು ಎಂದು ನಿಯಮವೇ ಹೇಳುತ್ತದೆ. ದಾರಿಯಲ್ಲಿ ವಿಮಾನ ಬದಲಾಯಿಸಿದ್ದರೆ? ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದವರ ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಬಂತು. ಹಾರಿದ ಎರಡು ತುಂಡುಗಳನ್ನು ಕೂಡಿದರೆ 1,656 ಕಿ.ಮೀ., ರೋಮ್–ಹ್ಯಾಂಬರ್ಗ್ ನೇರ ಮಹಾವೃತ್ತ 1,326 ಕಿ.ಮೀ. ಐರೋಪ್ಯ ನ್ಯಾಯಾಲಯ 2017ರಲ್ಲಿ ನೇರ ದೂರವನ್ನೇ ಹಿಡಿಯಬೇಕು ಎಂದಿತು. ಪರಿಹಾರ 400 ಅಲ್ಲ, 250 ಯೂರೋ. ಅರ್ಜಿ ಬರೆಯುವವರು ಹೊರಟ ಊರು ಮತ್ತು ಕೊನೆಯ ಊರುಗಳ ನಡುವಿನ ನೇರ ಅಂತರವನ್ನು ಕಿಲೋಮೀಟರ್‌ನಲ್ಲಿ ನಮೂದಿಸಬೇಕು.

ಭಾರತದಲ್ಲಿ ಪದ್ಧತಿ ಬೇರೆ. ಇಲ್ಲಿ ವಿಮಾನ ರದ್ದಾದಾಗ ಪರಿಹಾರಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನೋಡುವುದು ದೂರವನ್ನಲ್ಲ, ವೇಳಾಪಟ್ಟಿಯ ಪ್ರಯಾಣದ ಸಮಯವನ್ನು: ಒಂದು ಗಂಟೆಯವರೆಗೆ, ಎರಡು ಗಂಟೆಯವರೆಗೆ, ಅದಕ್ಕಿಂತ ಹೆಚ್ಚು ಎಂಬ ಮೂರು ಮೆಟ್ಟಿಲು. ದರದ ವಿಷಯದಲ್ಲಿ ಮಾತ್ರ ದೂರ ಬರುತ್ತದೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಸರ್ಕಾರದ ಉಡಾನ್ ಯೋಜನೆ ಶುರುವಾದಾಗ ಸುಮಾರು 500 ಕಿ.ಮೀ. ಅಥವಾ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ ಎಂದು ಹೇಳಲಾಗಿತ್ತು. 2025ರ ಡಿಸೆಂಬರ್‌ನಲ್ಲಿ ಸಾಲುಸಾಲು ವಿಮಾನಗಳು ರದ್ದಾಗಿ ದರ ಗಗನಕ್ಕೇರಿದಾಗ ಸರ್ಕಾರ ತಾತ್ಕಾಲಿಕವಾಗಿ ಹಾಕಿದ ಮಿತಿಯೂ 500, 1,000, 1,500 ಕಿ.ಮೀ. ಗಡಿಗಳ ಮೇಲಿತ್ತು. ಬೆಂಗಳೂರು–ಮುಂಬೈ ಸುಮಾರು 830 ಕಿ.ಮೀ., ಎರಡನೇ ಗುಂಪು. ಬೆಂಗಳೂರು–ಕೋಲ್ಕತ್ತ 1,540 ಕಿ.ಮೀ. ದಾಟುತ್ತದೆ, ಹಾಗಾಗಿ ಕೂದಲೆಳೆಯಲ್ಲಿ ಕೊನೆಯ ಗುಂಪು. ಇದನ್ನೇ ಮೈಲಿಯಲ್ಲಿ 960 ಎಂದು ಓದಿದವರು ತಮ್ಮನ್ನು ಎರಡನೇ ಗುಂಪಿಗೆ ಸೇರಿಸಿಕೊಂಡು ವೃಥಾ ಜಗಳಕ್ಕೆ ಹೋಗುವ ಸಾಧ್ಯತೆಯಿತ್ತು.

ಇಂಗಾಲದ ಲೆಕ್ಕ ಹಾಕುವ ಕಂಪನಿಗಳಿಗೆ, ಸಂಶೋಧಕರಿಗೆ ಒಂದು ಮಾತು. ಬರೀ ಮಹಾವೃತ್ತದ ದೂರ ಹಿಡಿದರೆ ಹೊಗೆಯ ಲೆಕ್ಕ ಕಡಿಮೆಯಾಗುತ್ತದೆ ಎಂದು ಈ ಕ್ಷೇತ್ರದವರಿಗೆ ಗೊತ್ತು. ಅದಕ್ಕೇ ಐಸಿಎಒದ ಲೆಕ್ಕವಿಧಾನ 550 ಕಿ.ಮೀ.ಗಿಂತ ಕಡಿಮೆ ದೂರಕ್ಕೆ 50 ಕಿ.ಮೀ., 5,500ರವರೆಗೆ 100 ಕಿ.ಮೀ., ಅದರ ಮೇಲೆ 125 ಕಿ.ಮೀ. ಸೇರಿಸುತ್ತದೆ. ಐರೋಪ್ಯ ಒಕ್ಕೂಟದ ಇಂಗಾಲ ವ್ಯಾಪಾರದ ನಿಯಮದಲ್ಲಿ ಎಲ್ಲ ಹಾರಾಟಕ್ಕೂ 95 ಕಿ.ಮೀ. ಸೇರಿಕೆ. ಮಂಗಳೂರು–ದುಬೈ ಮಹಾವೃತ್ತ 2,460 ಕಿ.ಮೀ.; ಐಸಿಎಒ ಲೆಕ್ಕದಲ್ಲಿ 2,560, ಯೂರೋಪಿನ ಲೆಕ್ಕದಲ್ಲಿ 2,555. ಬೆಂಗಳೂರು–ಮಂಗಳೂರಿನ 306 ಕಿ.ಮೀ. ಐಸಿಎಒದಲ್ಲಿ 356 ಆದರೆ ಯೂರೋಪಿನ ವಿಧಾನದಲ್ಲಿ 401 ಆಗುತ್ತದೆ. ವರದಿಯಲ್ಲಿ ಅಂಕಿ ಬರೆಯುವಾಗ ಅದರ ಪಕ್ಕದಲ್ಲೇ ಮೂರು ವಿವರ ಬರೆದಿಡಿ: ನಿಲ್ದಾಣಗಳ ಕೋಡ್, ಘಟಕದ ಹೆಸರು, ಸೇರಿಕೆ ಹಾಕಿದ್ದರೆ ಯಾವ ವಿಧಾನದ್ದು ಎಂಬುದು. ಮುಂದಿನ ವರ್ಷ ಆ ಕಡತ ತೆರೆಯುವವರು ನಿಮ್ಮ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುವುದಿಲ್ಲ.